ಮೊದಲ ಹ್ಯಾಂಡ್‌ಬ್ಯಾಗ್ ಕೇಕ್: ಯಾವ ಆಕಾರ, ಯಾವ ಹೊದಿಕೆ, ಯಾವ ಹಿಡಿಕೆ?

ನಾನು ಮಾಡಿದ ಮೊದಲ ಹ್ಯಾಂಡ್‌ಬ್ಯಾಗ್ ಕೇಕ್ ಅತ್ತಿಗೆಯ 40ನೇ ಹುಟ್ಟುಹಬ್ಬದ್ದು. ಮೈಸೂರಿನಲ್ಲಿ ಮಾಡಿ ಕಾರಿನಲ್ಲಿ ಬೆಂಗಳೂರಿಗೆ ಒಯ್ಯಬೇಕಿತ್ತು. ಏಪ್ರಿಲ್ ತಿಂಗಳು. ಹೊರಡುವಾಗ ಎಲ್ಲ ಚೆನ್ನಾಗಿಯೇ ಇತ್ತು. ನೆಟ್ಟಗೆ ನಿಂತ ಬ್ಯಾಗು, ಗುಲಾಬಿ ಬಣ್ಣದ ಫಾಂಡೆಂಟು (ಕಣಕದ ಹಾಗೆ ನಾದಿ, ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆ ಹಾಳೆ), ಮೇಲೆ ಕಮಾನಿನ ಹಾಗೆ ಹಿಡಿಕೆ. ಮಂಡ್ಯ ದಾಟುವಾಗ ಹಿಡಿಕೆ ಒಂದು ಕಡೆಗೆ ವಾಲಿತು. ಚನ್ನಪಟ್ಟಣದ ಹೊತ್ತಿಗೆ ಬ್ಯಾಗಿನ ಹೊಟ್ಟೆ ಉಬ್ಬಿ ಕೆಳಕ್ಕೆ ಜಾರತೊಡಗಿತು. ಮನೆ ಮುಟ್ಟಿ ಡಬ್ಬ ತೆರೆದರೆ ಅಣ್ಣ ಒಂದು ನಿಮಿಷ ನೋಡಿ, "ಇದೇನೇ, ಸಂತೆ ಚೀಲ ತಂದಿದ್ದೀಯ?" ಅಂದ. ಅತ್ತಿಗೆ ಪಾಪ, "ತಿನ್ನೋಕೆ ಚೆನ್ನಾಗಿದೆ ಬಿಡು" ಅಂದರು.

ಆಮೇಲೆ ಕೂತು ಯೋಚಿಸಿದೆ. ಕೈಕೆಲಸದಲ್ಲಿ ಅಂಥ ತಪ್ಪೇನೂ ಇರಲಿಲ್ಲ. ಆರಿಸಿಕೊಂಡದ್ದೆಲ್ಲ ತಪ್ಪಾಗಿತ್ತು. ಮೆತ್ತನೆ ಸ್ಪಂಜಿನಲ್ಲಿ ಎತ್ತರದ ಬ್ಯಾಗು, ಫಾಂಡೆಂಟಿನ ಕೆಳಗೆ ವಿಪ್ಪಿಂಗ್ ಕ್ರೀಮು, ಹಿಂದಿನ ರಾತ್ರಿಯಷ್ಟೇ ಮಾಡಿದ ಹಸಿ ಹಿಡಿಕೆ. ಇವುಗಳಲ್ಲಿ ಒಂದಿದ್ದರೂ ಸಾಕಿತ್ತು ಕೆಡೋಕೆ.

ಅದಕ್ಕೇ ಈ ಬರಹ. ಮೊದಲ ಸಲ ಮಾಡುವವರು ಡಿಸೈನ್ ನೋಡಿ ಮರುಳಾಗುತ್ತಾರೆ, ನಾನೂ ಹಾಗೇ ಆದೆ. ನನ್ನ ಮಾತು ಕೇಳುವುದಾದರೆ ಡಿಸೈನ್ ಕೊನೆಗಿರಲಿ. ಮೊದಲು ಕೇಳಿಕೊಳ್ಳಬೇಕಾದ್ದು ಎರಡೇ: ಈ ಕೇಕ್ ಫ್ರಿಜ್‌ನಿಂದ ಹೊರಗೆ ಎಷ್ಟು ಹೊತ್ತು ಇರುತ್ತದೆ? ಎಷ್ಟು ದೂರ ಹೋಗುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ತಾನಾಗೇ ಆಗಿಬಿಡುತ್ತದೆ.

ಆಕಾರ: ನಿಲ್ಲುವುದೋ, ಮಲಗುವುದೋ?

ಹ್ಯಾಂಡ್‌ಬ್ಯಾಗ್ ಕೇಕ್ ಅಂದ ತಕ್ಷಣ ಕಣ್ಣಿಗೆ ಬರುವುದು ನೆಟ್ಟಗೆ ನಿಂತ, ಮೇಲೆ ಸ್ವಲ್ಪ ಕಿರಿದಾದ ಚೌಕಾಕಾರದ ಬ್ಯಾಗು. ಎರ್ಮೆಸ್ ಕಂಪನಿಯ ಬರ್ಕಿನ್ ಇದೆಯಲ್ಲ, 1984ರಲ್ಲಿ ನಟಿ ಜೇನ್ ಬರ್ಕಿನ್ ಹೆಸರಲ್ಲಿ ಬಂದದ್ದು, ಆ ನಮೂನೆ. ಫೋಟೋದಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಹೊಸಬರಿಗೆ ಇದರಷ್ಟು ಕಷ್ಟದ ಆಕಾರ ಇನ್ನೊಂದಿಲ್ಲ. 8 ಇಂಚಿನ ಚೌಕ ಕೇಕನ್ನು ಮಧ್ಯಕ್ಕೆ ಕತ್ತರಿಸಿದರೆ 8ಕ್ಕೆ 4 ಇಂಚಿನ ಎರಡು ತುಂಡು ಸಿಗುತ್ತವೆ. ಒಂದೊಂದೂ 2 ಇಂಚು ದಪ್ಪ ಅಂದುಕೊಳ್ಳಿ. ಒಂದರ ಮೇಲೊಂದು ಇಟ್ಟರೆ ಬ್ಯಾಗಿನ ಎತ್ತರ 4 ಇಂಚು. ಅದು ಬ್ಯಾಗಿನ ಹಾಗೆ ಕಾಣುವುದಿಲ್ಲ, ಟಿಫಿನ್ ಡಬ್ಬದ ಹಾಗೆ ಕಾಣುತ್ತದೆ. ಬ್ಯಾಗು ಅನ್ನಿಸಬೇಕಾದರೆ ಇನ್ನೊಂದು ತುಂಡು ಬೇಕು, 6 ಇಂಚು. ಆಗ ದಪ್ಪ 4, ಎತ್ತರ 6. ಅಲ್ಲಿಂದ ಭಯ ಶುರು.

ಅದರ ಬದಲು ಅರ್ಧಚಂದ್ರದ ಬ್ಯಾಗು ಮಾಡಿ. ಒಂದು 8 ಇಂಚಿನ ದುಂಡು ಕೇಕು, ಸರಿಯಾಗಿ ಮಧ್ಯಕ್ಕೆ ಕತ್ತರಿಸಿ. ಎರಡು ಅರ್ಧಗಳ ನಡುವೆ ಗನಾಶ್ (ಚಾಕೊಲೇಟ್, ಕ್ರೀಮ್ ಬೆರೆಸಿದ್ದು) ಹಚ್ಚಿ, ಒಂದಕ್ಕೊಂದು ಅಂಟಿಸಿ, ಕತ್ತರಿಸಿದ ಅಂಚು ಕೆಳಗೆ ಬರುವ ಹಾಗೆ ಬೋರ್ಡ್ ಮೇಲೆ ನಿಲ್ಲಿಸಿ. ಆಯಿತು. 8 ಇಂಚು ಅಗಲ, 4 ಇಂಚು ಎತ್ತರ, 4 ಇಂಚು ದಪ್ಪದ ಬ್ಯಾಗು ನಿಮ್ಮೆದುರು ನಿಂತಿರುತ್ತದೆ. ಕಾರ್ವಿಂಗ್ ಅನ್ನುವುದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮೇಲಿನ ಬಾಗಿನ ಗುಂಟ ಜಿಪ್ ಓಡಿಸಿದರೆ ಯಾರೂ ಹೇಳಬೇಕಿಲ್ಲ, ಬ್ಯಾಗು ಅಂತ ಮಗುವಿಗೂ ಗೊತ್ತಾಗುತ್ತದೆ.

ಇದಕ್ಕೂ ಒಂದು ಐಬಿದೆ. ಪದರಗಳು ಅಡ್ಡಕ್ಕಿರದೆ ಉದ್ದಕ್ಕೆ ನಿಂತಿರುತ್ತವೆ. ನಡುವಿನ ಕ್ರೀಮ್ ಸಡಿಲವಾದರೆ ಎರಡೂ ಅರ್ಧಗಳು ತೆರೆದ ಪುಸ್ತಕದ ಹಾಗೆ ಬಿಟ್ಟುಕೊಳ್ಳುತ್ತವೆ. ಅದಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಅಡ್ಡಕ್ಕೆ, ನಾಲ್ಕು ಬಿದಿರು ಕಡ್ಡಿ ಚುಚ್ಚಿ. ಕಬಾಬಿಗೆ ಬಳಸುತ್ತಾರಲ್ಲ, ಅದೇ ಕಡ್ಡಿ. ತುದಿ ಮುರಿದು, ಹೊರಗೆ ಕಾಣದ ಹಾಗೆ ಒಳಕ್ಕೆ ತಳ್ಳಿ. ಎಷ್ಟು ಚುಚ್ಚಿದಿರಿ ಅಂತ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಮೂರನೆಯದು ಮಲಗಿಸಿದ ಬ್ಯಾಗು. ಬೋರ್ಡ್ ಮೇಲೆ ಬ್ಯಾಗಿನ ಚಿತ್ರ ಬಿಡಿಸಿದ ಹಾಗೆ ಕೇಕನ್ನು ಚಪ್ಪಟೆಯಾಗಿ ಕತ್ತರಿಸುವುದು. ಹಿಡಿಕೆ ಸುಮ್ನೆ ಬೋರ್ಡ್ ಮೇಲೆ ಮಲಗಿರುತ್ತದೆ. ಬೀಳುವ ಭಯವಿಲ್ಲ, ಕಡ್ಡಿ ಬೇಡ, ಫಾಂಡೆಂಟೂ ಬೇಡ, ಬರೀ ಕ್ರೀಮಿನಲ್ಲೇ ಮುಗಿಸಬಹುದು. ಕೆಲವರು ಇದನ್ನು ಕೀಳು ಅಂದುಕೊಳ್ಳುತ್ತಾರೆ. ಮನೆಯಲ್ಲಿ ಎಂಟು ವರ್ಷದ ಮಗಳ ಹುಟ್ಟುಹಬ್ಬ, ಕೈಯಲ್ಲಿ ಇರುವುದು ಒಂದು ಸಂಜೆ ಅನ್ನುವಾಗ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ.

ಇನ್ನೊಂದಿದೆ, ಯಾರೂ ಅಷ್ಟಾಗಿ ಯೋಚಿಸದ್ದು. ಪೊಟ್ಲಿ ಬ್ಯಾಗು. ರೇಷ್ಮೆ ಸೀರೆ ಜೊತೆ ಮದುವೆ ಮನೆಗೆ ಹಿಡಿದು ಹೋಗುತ್ತೇವಲ್ಲ, ದಾರ ಎಳೆದರೆ ಬಾಯಿ ಮುಚ್ಚುವ ಚೀಲ. 6 ಇಂಚಿನ ಎರಡು ದುಂಡು ಕೇಕ್ ಒಂದರ ಮೇಲೊಂದಿಟ್ಟು, ಮೇಲಿನ ಕೆಳಗಿನ ಅಂಚು ಸವರಿ ದುಂಡಗೆ ಮಾಡಿ, ಫಾಂಡೆಂಟ್ ಹಾಳೆ ಹೊದಿಸಿ, ಮೇಲೆ ಬೇರೆ ಪಟ್ಟಿಯಿಂದ ನೆರಿಗೆ ಹಿಡಿದು ಕೂರಿಸುವುದು. ಹೊಸಬರ ದೊಡ್ಡ ತಲೆನೋವು ಅಂದರೆ ಫಾಂಡೆಂಟಿನ ಸುಕ್ಕು. ಪೊಟ್ಲಿಯಲ್ಲಿ ಸುಕ್ಕು ಇದ್ದಷ್ಟೂ ಚೆನ್ನ! ಸೀಮಂತಕ್ಕೆ, ನಿಶ್ಚಿತಾರ್ಥಕ್ಕೆ ಹಸಿರು ಪೊಟ್ಲಿಗೆ ಚಿನ್ನದ ಅಂಚು ಕೊಟ್ಟರೆ ಬರ್ಕಿನ್‌ಗಿಂತ ನಮ್ಮವರಿಗೆ ಇದೇ ಇಷ್ಟವಾಗುತ್ತದೆ. ನಿಮಗೆ ಫಾಂಡೆಂಟ್ ಹೊಸದು, ಆದರೂ ನಿಂತ ಬ್ಯಾಗೇ ಬೇಕು ಅಂದರೆ ಪೊಟ್ಲಿಯಿಂದ ಶುರು ಮಾಡಿ. ಎರಡನೆಯದು ಅರ್ಧಚಂದ್ರ. ಬರ್ಕಿನ್ ನಾಲ್ಕನೆಯದೋ ಐದನೆಯದೋ ಆಗಲಿ.

ಒಳಗಿನ ಕೇಕು

ಇದಕ್ಕೆ ಜಾಸ್ತಿ ಮಾತು ಬೇಡ. ಮಲಗಿಸಿದ ಬ್ಯಾಗಿಗೆ ಯಾವ ಸ್ಪಂಜಾದರೂ ನಡೆಯುತ್ತದೆ. ನಿಲ್ಲುವ ಬ್ಯಾಗಿಗೆ ಬೇಕರಿಯ ಹಗುರ ಸ್ಪಂಜು ಬೇಡ, ಬೆಣ್ಣೆ ಹಾಕಿದ ಗಟ್ಟಿ ಕೇಕೋ ಚಾಕೊಲೇಟ್ ಮಡ್ ಕೇಕೋ ಬೇಕು. ಮೊಟ್ಟೆ ಇಲ್ಲದ ಕಂಡೆನ್ಸ್ಡ್ ಮಿಲ್ಕ್ ಕೇಕೂ ಆಗುತ್ತದೆ, ಅದು ಒಳ್ಳೆ ಬಿಗಿಯಾಗಿಯೇ ಇರುತ್ತದೆ. ಕತ್ತರಿಸುವ ಮೊದಲು ಕನಿಷ್ಠ ಎರಡು ಗಂಟೆ ಫ್ರಿಜ್‌ನಲ್ಲಿಡಿ. ಹಲ್ಲಿರುವ ಬ್ರೆಡ್ ಚಾಕು ಬಳಸಿ. ಬಿಸಿ ಕೇಕ್ ಕತ್ತರಿಸಿದವರಿಗೆ ಸಿಗುವುದು ಪುಡಿ ಮಾತ್ರ. ಸಕ್ಕರೆ ನೀರು ಚಿಮುಕಿಸುವ ಅಭ್ಯಾಸ ಇದ್ದರೆ ಇಲ್ಲಿ ಕೈ ಬಿಗಿ ಹಿಡಿಯಿರಿ. ನೆನೆದ ಕೇಕು ನಿಲ್ಲುವುದಿಲ್ಲ.

ಹೊದಿಕೆ: ಇಲ್ಲಿಯೇ ಎಲ್ಲ ತೀರ್ಮಾನವಾಗುವುದು

ಜನ ಕೇಳುವುದು "ಫಾಂಡೆಂಟಾ, ಕ್ರೀಮಾ?" ಅಂತ. ಪ್ರಶ್ನೆಯೇ ಅರ್ಧ. ಫಾಂಡೆಂಟ್ ಅಂದರೆ ಹೊರಗಿನ ಅಂಗಿ. ಅದರ ಕೆಳಗೆ ಏನಿದೆ ಅನ್ನುವುದು ಅಂಗಿಗಿಂತ ಮುಖ್ಯ.

ವಿಪ್ಪಿಂಗ್ ಕ್ರೀಮ್ ನಮ್ಮ ಕಡೆ ಎಲ್ಲರಿಗೂ ಇಷ್ಟ. ಹಗುರ, ಸಿಹಿ ಕಮ್ಮಿ, ಅಗ್ಗ. ಕೈಗೂ ಅಭ್ಯಾಸವಿರುತ್ತದೆ. ಆದರೆ ಅದು ಫ್ರಿಜ್‌ನ ಮಗು. ಬೇಸಿಗೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಒಂದು ಗಂಟೆ ಕಳೆದರೆ ಸಡಿಲವಾಗತೊಡಗುತ್ತದೆ. ಅದರ ಮೇಲೆ ಫಾಂಡೆಂಟ್ ಹೊದಿಸಿದರೆ ಇನ್ನೂ ಕಷ್ಟ. ಫಾಂಡೆಂಟ್ ಅಂದರೆ ಬಹುಪಾಲು ಸಕ್ಕರೆ, ಕ್ರೀಮಿನಲ್ಲಿ ನೀರಿನಂಶ. ಸಕ್ಕರೆ ಆ ನೀರನ್ನು ಹೀರಿ ಒಳಗಿನಿಂದಲೇ ಕರಗುತ್ತದೆ. ನನ್ನ ಗುಲಾಬಿ ಬ್ಯಾಗು ಚನ್ನಪಟ್ಟಣದಲ್ಲಿ ಹೊಟ್ಟೆ ಬಿಟ್ಟದ್ದು ಇದರಿಂದಲೇ. ಆದ್ದರಿಂದ ವಿಪ್ಪಿಂಗ್ ಕ್ರೀಮ್ ಆರಿಸಿದರೆ ಪೂರ್ತಿ ಅದರಲ್ಲೇ ಮಾಡಿ. ಬ್ಯಾಗು ಮಲಗಿರಲಿ. ಫಾಂಡೆಂಟ್ ಬಕಲ್ಲು, ಹೂವು ಏನಿದ್ದರೂ ಕತ್ತರಿಸುವ ಸ್ವಲ್ಪ ಮೊದಲು ಇಡಿ.

ಬಟರ್‌ಕ್ರೀಮ್ ನಡುವಿನ ದಾರಿ. ಒಂದು ಪಾಲು ಉಪ್ಪಿಲ್ಲದ ಬೆಣ್ಣೆಗೆ ಎರಡು ಪಾಲು ಐಸಿಂಗ್ ಸಕ್ಕರೆ, ತೂಕದ ಲೆಕ್ಕ. ಮನೆಯಲ್ಲಿ ಕಡೆದ ಬೆಣ್ಣೆ ರೊಟ್ಟಿಗೆ ಎಷ್ಟು ಚೆನ್ನಾದರೂ ಇಲ್ಲಿ ಬೇಡ, ಅದರಲ್ಲಿ ನೀರು ಜಾಸ್ತಿ, ಕ್ರೀಮ್ ಒಡೆಯುತ್ತದೆ. ಬಟರ್‌ಕ್ರೀಮಿನ ಮೇಲೆ ಫಾಂಡೆಂಟ್ ಚೆನ್ನಾಗಿ ಕೂರುತ್ತದೆ. ಆದರೆ ಬೆಣ್ಣೆ ಬೆಣ್ಣೆಯೇ. ಬಳ್ಳಾರಿ, ರಾಯಚೂರಿನ ಏಪ್ರಿಲ್‌ನಲ್ಲಿ ಅಡುಗೆಮನೆ 35 ಡಿಗ್ರಿ ದಾಟಿದರೆ ಅದು ಕರಗದೆ ಇನ್ನೇನು ಮಾಡೀತು? ಸಿಹಿಯೂ ತುಂಬಾ. ನಮ್ಮ ಮನೆಯಲ್ಲಿ ಹಿರಿಯರು ಎರಡನೇ ತುತ್ತಿಗೇ ತಟ್ಟೆ ಸರಿಸುತ್ತಾರೆ.

ಗನಾಶ್, ಅಂದರೆ ಚಾಕೊಲೇಟ್ ಮತ್ತು ಫ್ರೆಶ್ ಕ್ರೀಮ್ ಕರಗಿಸಿ ಬೆರೆಸಿದ್ದು. ನಿಲ್ಲುವ ಬ್ಯಾಗಿಗೆ ನನ್ನ ಮತ ಇದಕ್ಕೇ. ಡಾರ್ಕ್ ಚಾಕೊಲೇಟ್ ಆದರೆ ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮ್. ಬಿಳಿ ಚಾಕೊಲೇಟ್ ಆದರೆ ಮೂರಕ್ಕೆ ಒಂದು. ಬೇಸಿಗೆಯಲ್ಲಿ ಕ್ರೀಮ್ ಇನ್ನೂ ಸ್ವಲ್ಪ ಕಮ್ಮಿ ಮಾಡಿ. ರಾತ್ರಿ ಮಾಡಿ ಮುಚ್ಚಿಟ್ಟರೆ ಬೆಳಗ್ಗೆ ಕಡಲೆಕಾಯಿ ಬೆಣ್ಣೆಯ ಹಾಗೆ ಹದವಾಗಿರುತ್ತದೆ. ಕೇಕಿಗೆ ಹಚ್ಚಿ, ಪ್ಯಾಲೆಟ್ ಚಾಕುವನ್ನು (ಕ್ರೀಮ್ ಸವರುವ, ಹರಿತವಿಲ್ಲದ ಚಪ್ಪಟೆ ಚಾಕು) ಬಿಸಿ ನೀರಲ್ಲಿ ಅದ್ದಿ, ಒರೆಸಿ, ನೀವಿ. ಗಟ್ಟಿಯಾದ ಮೇಲೆ ಕೇಕಿಗೊಂದು ಕವಚ ತೊಡಿಸಿದ ಹಾಗಾಗುತ್ತದೆ. ಬೆರಳಿಂದ ತಟ್ಟಿ ನೋಡಿ, ಟಕ್ ಟಕ್ ಅನ್ನಬೇಕು. ಆ ಶಬ್ದ ಬಂದರೆ ಬ್ಯಾಗು ನಿಲ್ಲುತ್ತದೆ ಅಂತ ಧೈರ್ಯ.

ಚಾಕೊಲೇಟಲ್ಲೂ ಎರಡು ಜಾತಿ. ಕಾಂಪೌಂಡ್‌ನಲ್ಲಿ ಕೋಕೊ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಅಗ್ಗ, ನಮ್ಮ ಸೆಕೆಗೆ ಚೆನ್ನಾಗಿ ತಡೆಯುತ್ತದೆ. ಕೂವರ್ಚರ್‌ನಲ್ಲಿ ನಿಜವಾದ ಕೋಕೊ ಬೆಣ್ಣೆ, ರುಚಿಯೇ ಬೇರೆ, ಬೆಲೆಯೂ ಬೇರೆ. ನಾನು ಹೊರಗಿನ ಕವಚಕ್ಕೆ ಕಾಂಪೌಂಡ್, ಪದರಗಳ ನಡುವಿಗೆ ಒಳ್ಳೆ ಚಾಕೊಲೇಟ್ ಹಾಕುತ್ತೇನೆ. ಬಾಯಿಗೆ ಮೊದಲು ಸಿಗುವುದು ಒಳಗಿನದು ತಾನೇ. 8 ಇಂಚಿನ ಅರ್ಧಚಂದ್ರಕ್ಕೆ ಒಳಗೂ ಹೊರಗೂ ಸೇರಿ ಅರ್ಧ ಕಿಲೋ ಡಾರ್ಕ್ ಚಾಕೊಲೇಟ್, ಕಾಲು ಕಿಲೋ ಕ್ರೀಮ್ ಬೇಕಾದೀತು. ಜೇಬಿಗೆ ಭಾರವೇ, ಸುಳ್ಳು ಹೇಳುವುದಿಲ್ಲ.

ಕರಾವಳಿಯವರಿಗೆ ಒಂದು ಮಾತು. ಅಕ್ಕ ಮಂಗಳೂರಿನಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ಅವಳ ಮನೆಯಲ್ಲಿ ಫಾಂಡೆಂಟ್ ಕೇಕ್ ಮಾಡಿದೆವು. ಫ್ರಿಜ್‌ನಿಂದ ತೆಗೆದ ಐದೇ ನಿಮಿಷಕ್ಕೆ ಬ್ಯಾಗಿನ ಮೈಯೆಲ್ಲ ಬೆವರು. ತಣ್ಣನೆ ವಸ್ತುವಿಗೆ ತೇವದ ಗಾಳಿ ತಾಗಿದರೆ ನೀರು ಕಟ್ಟುವುದು ಸಹಜ, ತಣ್ಣನೆ ಲೋಟದ ಹೊರಮೈ ನೋಡಿದ್ದೀರಲ್ಲ. ಅಕ್ಕ ಟಿಶ್ಯೂ ತಂದು ಒರೆಸಲು ಹೋದಳು, ಬಣ್ಣ ಕಿತ್ತು ಬಂತು. ಮುಟ್ಟಬಾರದು. ಫ್ಯಾನಿನ ಕೆಳಗೆ ಇಟ್ಟು ಬಿಟ್ಟರೆ ತಾನಾಗೇ ಆರುತ್ತದೆ. ಗನಾಶ್ ಕೆಳಗಿದ್ದರೆ ಫ್ರಿಜ್ಜೇ ಬೇಡ, ಹೊದಿಸಿದ ಮೇಲೆ ಒಂದು ದಿನ ಮನೆಯ ತಂಪು ಜಾಗದಲ್ಲೇ ಇರಬಹುದು. ಒಳಗೆ ಹಣ್ಣು, ಗನಾಶಿಗೆ ಬೆರೆಸದ ತಾಜಾ ಕ್ರೀಮ್ ಇರಬಾರದು ಅಷ್ಟೇ. ಹಾಂ, ಸ್ವಲ್ಪ ಬೆವರಿ ಆರಿದ ಫಾಂಡೆಂಟಿಗೆ ಪೇಟೆಂಟ್ ಲೆದರ್, ಅಂದರೆ ಮಿರಮಿರ ಮಿಂಚುವ ಚರ್ಮದ ಥರದ ಹೊಳಪು ಬರುತ್ತದೆ. ಕೆಲವರು ಬೇಕೆಂದೇ ಹಬೆ ಹಾಯಿಸಿ ಈ ಹೊಳಪು ತರುತ್ತಾರೆ. ಅಕ್ಕನಿಗೆ ನಾನು ಹಾಗೇ ಹೇಳಿ ಸಮಾಧಾನ ಮಾಡಿದೆ.

ಫಾಂಡೆಂಟ್ ಕೊಳ್ಳುವುದೋ, ಮಾಡುವುದೋ?

ಮನೆಯಲ್ಲಿ ಮಾರ್ಷ್‌ಮ್ಯಾಲೋ ಕರಗಿಸಿ, ಐಸಿಂಗ್ ಸಕ್ಕರೆ ಸೇರಿಸಿ ನಾದಿ ಮಾಡಬಹುದು. ರುಚಿ ಚೆನ್ನಾಗಿರುತ್ತದೆ, ಖರ್ಚೂ ಕಮ್ಮಿ. ಆದರೆ ಸಾಮಾನ್ಯ ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳಿಂದ ಬರುವಂಥದ್ದು. ಮೊಟ್ಟೆ ಇಲ್ಲದ ಕೇಕ್ ಬೇಕು ಅಂದವರ ಮನೆಗೆ ಜೆಲಾಟಿನ್ ಹೊದಿಸಿ ಕೊಟ್ಟರೆ ಹೇಗೆ? ಪೊಟ್ಟಣದ ಮೇಲೆ ಹಸಿರು ಚುಕ್ಕಿ ನೋಡಿಯೇ ಕೊಳ್ಳಿ. ಹದವೂ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಮೊದಲ ಬ್ಯಾಗಿಗೆ ರೆಡಿಮೇಡ್ ಫಾಂಡೆಂಟೇ ಸರಿ. ಒಂದು ಕಿಲೋ ತಂದರೆ ಮೈಗೂ ಹಿಡಿಕೆಗೂ ಬಕಲ್ಲಿಗೂ ಸಾಕಾಗಿ ಸ್ವಲ್ಪ ಉಳಿಯುತ್ತದೆ.

ಬಣ್ಣದಲ್ಲೂ ಆಯ್ಕೆ ಇದೆ. ತಿಳಿ ಗುಲಾಬಿ, ಹಾಲು ಹಳದಿ, ತಿಳಿ ನೀಲಿ ಬೇಕಾದರೆ ಬಿಳಿ ತಂದು ಜೆಲ್ ಕಲರ್ ಬೆರೆಸಿ ನಾದಿ. ಕಪ್ಪು, ಕೆಂಪು ಬೇಕಾದರೆ ಬಣ್ಣ ಹಾಕಿಯೇ ಬರುವ ಪೊಟ್ಟಣ ತನ್ನಿ. ಬಿಳಿಯನ್ನು ಕಪ್ಪು ಮಾಡಲು ಹೊರಟರೆ ಅರ್ಧ ಬಾಟಲಿ ಜೆಲ್ ಬೇಕು. ಅಷ್ಟು ಹೊತ್ತಿಗೆ ಫಾಂಡೆಂಟ್ ಅಂಟಂಟಾಗಿ, ತಿಂದವರ ಹಲ್ಲೆಲ್ಲ ಕಪ್ಪು. ಇನ್ನೊಂದು, ನಾದಿದ ಬಣ್ಣ ರಾತ್ರಿ ಕಳೆದರೆ ಒಂದು ಛಾಯೆ ಗಾಢವಾಗುತ್ತದೆ. ಬೇಕಾದ್ದಕ್ಕಿಂತ ತುಸು ತಿಳಿಯಾಗಿರುವಾಗಲೇ ಕೈ ತಡೆಯಿರಿ.

ಇಡೀ ಹಾಳೆಯೋ, ತುಂಡು ತುಂಡೋ?

ಲಟ್ಟಿಸಿದ ಒಂದೇ ದೊಡ್ಡ ಹಾಳೆಯನ್ನು ಕೇಕಿನ ಮೇಲೆ ಹರಡಿ ಕೈಯಿಂದ ನೀವಿ ಕೂರಿಸುವುದು ಒಂದು ಕ್ರಮ. ದುಂಡು ಕೇಕಿಗೆ ಇದು ಸುಲಭ. ಬ್ಯಾಗಿಗೆ ಅಲ್ಲ. ಮೂಲೆಗಳಲ್ಲಿ ಹಾಳೆ ಮಡಚಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಹೋಳಿಗೆ ಕಣಕ ತೆಳ್ಳಗಾಗಿ ಹೂರಣ ಇಣುಕುತ್ತದಲ್ಲ, ಹಾಗೆ ಅಂಚಿನಲ್ಲಿ ಚಾಕೊಲೇಟ್ ಇಣುಕುತ್ತದೆ.

ನಿಜವಾದ ಬ್ಯಾಗನ್ನು ಹೇಗೆ ಹೊಲಿಯುತ್ತಾರೆ? ಮುಂದಿನ ತುಂಡು, ಹಿಂದಿನ ತುಂಡು, ನಡುವಿನ ಪಟ್ಟಿ. ಕೇಕಿಗೂ ಹಾಗೇ ಮಾಡಿ. ಅರ್ಧಚಂದ್ರದ ಮುಖವನ್ನು ಬೇಕಿಂಗ್ ಪೇಪರ್ ಮೇಲೆ ಇಟ್ಟು ಗೆರೆ ಎಳೆದು ಅಳತೆ ಕತ್ತರಿಸಿಕೊಳ್ಳಿ. ಬ್ಲೌಸಿಗೆ ಅಳತೆ ತೆಗೆದ ಹಾಗೆ. ಫಾಂಡೆಂಟನ್ನು 3-4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕಾಗದ ಇಟ್ಟು ಕತ್ತರಿಸಿ. ಗನಾಶ್ ಮೇಲೆ ಬ್ರಶ್ಶಿನಿಂದ ನೀರು ಸವರಿ. ಸವರಿ ಅಂದೆ, ಬಳಿಯಿರಿ ಅನ್ನಲಿಲ್ಲ. ಜಾಸ್ತಿಯಾದರೆ ಹಾಳೆ ಜಾರುತ್ತದೆ. ಮೊದಲು ಮುಂದೆ, ಆಮೇಲೆ ಹಿಂದೆ, ಕೊನೆಗೆ ಮೇಲಿನ ಬಾಗಿಗೆ ಉದ್ದ ಪಟ್ಟಿ. ಸೇರುವ ಜಾಗ ಕಾಣುತ್ತದೆ ಅಂತ ಚಿಂತೆ ಬೇಡ, ಅಲ್ಲೇ ಹೊಲಿಗೆ ಬರುವುದು. ದರ್ಜಿಗಳು ಬಟ್ಟೆ ಮೇಲೆ ಗುರುತು ಹಾಕಲು ಹಲ್ಲಿನ ಚಕ್ರ ಬಳಸುತ್ತಾರೆ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಹೊಸದೊಂದು ತಂದು, ತೊಳೆದು, ಕೇಕಿಗೆ ಮಾತ್ರ ಅಂತ ಎತ್ತಿಡಿ. ಅಂಚಿನ ಗುಂಟ ಒಂದು ಸಲ ಉರುಳಿಸಿದರೆ ಅಚ್ಚುಕಟ್ಟಾದ ದಾರದ ಹೊಲಿಗೆ. ಕೇಕಿನ ಅಂಗಡಿಯಲ್ಲಿ ಸ್ಟಿಚಿಂಗ್ ಟೂಲ್ ಅಂತ ಮಾರುವುದೂ ಮಾಡುವುದು ಇದನ್ನೇ.

ಲಟ್ಟಿಸುವಾಗ ಮಣೆಗೆ ಏನು ಹಾಕಬೇಕು? ತಿಳಿ ಬಣ್ಣಕ್ಕೆ ಕಾರ್ನ್‌ಫ್ಲೋರ್. ಕಪ್ಪು, ಕಂದು ಬಣ್ಣಕ್ಕೆ ಹಿಟ್ಟು ಹಾಕಿದರೆ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಅಂಗೈಗೂ ಮಣೆಗೂ ಸ್ವಲ್ಪ ವನಸ್ಪತಿ ಸವರಿಕೊಳ್ಳಿ. ಹಾಳೆಯಲ್ಲಿ ಬಿರುಕು ಬಿಟ್ಟರೂ ಅದೇ ಮದ್ದು, ಬೆರಳಿಗೆ ತುಸು ವನಸ್ಪತಿ ತಗೊಂಡು ದುಂಡಗೆ ತಿಕ್ಕಿ.

ಮೈಮೇಲಿನ ನಕ್ಷೆ: ನುಣುಪೋ, ಕ್ವಿಲ್ಟಿಂಗೋ?

ನುಣುಪಾದ ಬ್ಯಾಗು ಸುಲಭ ಅನ್ನಿಸುತ್ತದೆ ಅಲ್ವಾ? ಅಲ್ಲ. ನುಣುಪು ಮೈ ಒಂದು ಚಿಕ್ಕ ತಗ್ಗನ್ನೂ ಮುಚ್ಚಿಡುವುದಿಲ್ಲ. ವಜ್ರದಾಕಾರದ ಕ್ವಿಲ್ಟಿಂಗ್, ಅಂದರೆ ರಜಾಯಿಯ ಹೊಲಿಗೆಯ ಹಾಗೆ ಓರೆ ಗೆರೆಗಳ ನಕ್ಷೆ, ನೋಡಲು ಕಷ್ಟ, ಮಾಡಲು ಸಲೀಸು. ಶನೆಲ್ ಕಂಪನಿಯ 2.55 ಅನ್ನುವ ಬ್ಯಾಗಿನಿಂದ ಈ ನಮೂನೆ ಪ್ರಸಿದ್ಧವಾಯಿತು. 1955ರ ಎರಡನೇ ತಿಂಗಳಲ್ಲಿ ಬಂದದ್ದಕ್ಕೇ ಆ ಹೆಸರು. ಫಾಂಡೆಂಟ್ ಇನ್ನೂ ಮೆತ್ತಗಿರುವಾಗಲೇ ಸ್ಕೇಲಿನ ಬೆನ್ನಿನಿಂದ ಓರೆಯಾಗಿ ಒಂದೊಂದು ಇಂಚಿಗೆ ಗೆರೆ ಒತ್ತಿ, ಆಮೇಲೆ ಎದುರು ಓರೆಗೆ ಇನ್ನೊಂದು ಸಾಲು. ಗೆರೆ ಕೂಡುವಲ್ಲಿ ಒಂದೊಂದು ಸಕ್ಕರೆ ಮುತ್ತು. ಹಾಳೆ ಕೂರಿಸಿದ ಹತ್ತು ನಿಮಿಷದೊಳಗೆ ಈ ಕೆಲಸ ಮುಗಿಯಬೇಕು. ತಡವಾದರೆ ಮೇಲ್ಮೈ ಒಣಗಿ, ಒತ್ತಿದಲ್ಲೆಲ್ಲ ಸೀಳುತ್ತದೆ. ಕೇಕ್ ಮೇಲೆ ಒತ್ತಲು ಕೈ ನಡುಗಿದರೆ, ಹಾಳೆ ಮಣೆಯ ಮೇಲಿರುವಾಗಲೇ ಗೆರೆ ಹಾಕಿಕೊಂಡು ಆಮೇಲೆ ಎತ್ತಿ ಅಂಟಿಸಿ. ನಾನು ಈಗಲೂ ಹಾಗೇ ಮಾಡುವುದು.

ಅತ್ತ ಲಂಬಾಣಿ ಕಸೂತಿಯ ಬ್ಯಾಗೂ ಇದೆ. ಕೆಂಪು, ಹಳದಿ, ನೀಲಿ ಚೂರುಗಳು, ಚೌಕ, ತ್ರಿಕೋನ, ಕನ್ನಡಿಯ ಬದಲು ಬೆಳ್ಳಿ ಬಣ್ಣದ ಪುಟ್ಟ ಬಿಲ್ಲೆ. ಚೂರು ಸ್ವಲ್ಪ ಓರೆಯಾದರೂ ಅದೇ ಅಂದ. ಮಕ್ಕಳನ್ನು ಜೊತೆ ಕೂರಿಸಿಕೊಂಡು ಮಾಡುವುದಾದರೆ ಇದರಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ.

ಕಂಪನಿಗಳ ಲೋಗೊ ಮಾತ್ರ ಬೇಡ. ಮಾರಾಟಕ್ಕೆ ಮಾಡುವವರಂತೂ ದೂರವಿರಿ, ಅವೆಲ್ಲ ಟ್ರೇಡ್‌ಮಾರ್ಕ್. ಹುಟ್ಟುಹಬ್ಬದವರ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೇ ಕತ್ತರಿಸಿ ಬಕಲ್ ಮಾಡಿ. ಅತ್ತಿಗೆಗೆ ಎರಡನೇ ಸಲ ಮಾಡಿದ ಬ್ಯಾಗಿನಲ್ಲಿ "ಶ" ಹಾಕಿದ್ದೆ. ಅದನ್ನು ಯಾರಿಗೂ ತಿನ್ನಲು ಕೊಡದೆ ಫ್ರಿಜ್‌ನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದರು.

ಹಿಡಿಕೆ

ಇದೊಂದು ನಿಂತರೆ ಇಡೀ ಕೇಕ್ ನಿಂತ ಹಾಗೆ. ಬರೀ ಫಾಂಡೆಂಟಿನ ಹಿಡಿಕೆ ಎಷ್ಟು ದಿನ ಒಣಗಿಸಿದರೂ ಬಾಗುತ್ತದೆ. ಕಾಲು ಕಿಲೋ ಫಾಂಡೆಂಟಿಗೆ ಒಂದು ಟೀ ಚಮಚ ಸಿಎಂಸಿ ಪುಡಿ (ಫಾಂಡೆಂಟನ್ನು ಬಿಗಿ ಮಾಡುವ, ತಿನ್ನಬಹುದಾದ ಪುಡಿ) ಹಾಕಿ ನಾದಿದರೆ ಗಟ್ಟಿಯಾಗುತ್ತದೆ. ಬೆರಳು ದಪ್ಪಕ್ಕೆ ಹೊಸೆದು, ದುಂಡು ಡಬ್ಬವೊಂದನ್ನು ಮಣೆ ಮೇಲಿಟ್ಟು, ಅದರ ಸುತ್ತ ಬಳಸಿ ಮಲಗಿಸಿ ಒಣಗಲು ಬಿಡಿ. ಎರಡೂ ತುದಿಗೆ ಹಸಿ ಇರುವಾಗಲೇ ಟೂತ್‌ಪಿಕ್ ಅರ್ಧ ಚುಚ್ಚಿಡಿ, ಉಳಿದರ್ಧ ಕೇಕಿಗೆ ಇಳಿಸಲು. ಮೈಸೂರಿನಂಥ ಊರಲ್ಲಿ ಮೂರು ದಿನ ಸಾಕು, ದಿನಕ್ಕೊಂದು ಸಲ ಮಗುಚಿ ಹಾಕಿ. ಮಳೆಗಾಲದಲ್ಲಿ, ಮಲೆನಾಡಲ್ಲಿ, ಕರಾವಳಿಯಲ್ಲಿ ಐದಾರು ದಿನ ಇಟ್ಟುಕೊಳ್ಳಿ. ಒಂದು ಬೇಕಾದರೆ ಮೂರು ಮಾಡಿ. ಒಂದು ಮುರಿಯುತ್ತದೆ, ಇನ್ನೊಂದು ಅಡುಗೆಮನೆಗೆ ಬಂದವರು ಕಡಿದು ನೋಡುತ್ತಾರೆ.

ಒಳಗೆ ತಂತಿ ಇಟ್ಟು ಮೇಲೆ ಫಾಂಡೆಂಟ್ ಸುತ್ತುವುದೂ ಇದೆ. ಬಾಗುವುದಿಲ್ಲ, ನಿಜ. ಆದರೆ ತಂತಿ ನೇರವಾಗಿ ಕೇಕಿಗೆ ತಾಗಬಾರದು, ಚುಚ್ಚುವ ಜಾಗಕ್ಕೆ ಸ್ಟ್ರಾ ತುಂಡು ಇಳಿಸಿ ಅದರೊಳಗೆ ನಿಲ್ಲಿಸಬೇಕು. ಮಕ್ಕಳಿರುವ ಮನೆಗೆ ನಾನು ತಂತಿ ಹಾಕುವುದಿಲ್ಲ. ಮಾಡೆಲಿಂಗ್ ಚಾಕೊಲೇಟಿನ ಹಿಡಿಕೆ, ಅಂದರೆ 200 ಗ್ರಾಂ ಡಾರ್ಕ್ ಕಾಂಪೌಂಡ್ ಕರಗಿಸಿ ಸುಮಾರು 70 ಗ್ರಾಂ ಲಿಕ್ವಿಡ್ ಗ್ಲೂಕೋಸ್ ಸೇರಿಸಿದ್ದು, ತಿನ್ನಲು ಎಲ್ಲಕ್ಕಿಂತ ರುಚಿ. ಕೈ ಬಿಸಿಯಾಗಿರುವವರಿಗೆ ಹೊಸೆಯುವಾಗಲೇ ಕರಗುತ್ತದೆ. ಬೆಂಗಳೂರಿನ ಡಿಸೆಂಬರಿಗೆ ಸರಿ, ಮೇ ತಿಂಗಳಿಗೆ ಅಲ್ಲ.

ಎಲ್ಲಕ್ಕಿಂತ ಸುಲಭದ್ದನ್ನು ಕೊನೆಗೆ ಹೇಳುತ್ತಿದ್ದೇನೆ. ಹಿಡಿಕೆ ನಿಲ್ಲಲೇಬೇಕು ಅಂತ ಯಾರು ಹೇಳಿದರು? ಮೇಜಿನ ಮೇಲೆ ಇಟ್ಟ ಬ್ಯಾಗು ನೋಡಿ. ಬಾರು ಮುಂದಕ್ಕೆ ಬಿದ್ದಿರುತ್ತದೆ. ಉದ್ದ ಪಟ್ಟಿ ಕತ್ತರಿಸಿ, ಎರಡೂ ಅಂಚಿಗೆ ಹೊಲಿಗೆ ಒತ್ತಿ, ಬ್ಯಾಗಿನ ಮುಂಭಾಗದ ಮೇಲೆ ಇಳಿಬಿಡಿ. ತುದಿ ಬೋರ್ಡ್ ಮೇಲೆ ಸುರುಳಿ ಸುತ್ತಿ ಬಿದ್ದಿರಲಿ. ಒಣಗಿಸುವ ಕೆಲಸವೇ ಇಲ್ಲ, ಬೆಳಗ್ಗೆ ಮಾಡಿ ಸಂಜೆ ಕೊಡಬಹುದು. ಮೊದಲ ಸಲಕ್ಕೆ ಇದನ್ನೇ ಮಾಡಿ ಅಂತ ಒತ್ತಿ ಹೇಳುತ್ತೇನೆ.

ಜಿಪ್ಪು, ಕೊಂಡಿಗಳಿಗೆ ಚಿನ್ನದ ಬಣ್ಣ ಬೇಕು. ಲಸ್ಟರ್ ಡಸ್ಟ್ ಅನ್ನುವ ಹೊಳೆಯುವ ಬಣ್ಣದ ಪುಡಿಯನ್ನು ವೋಡ್ಕಾದಲ್ಲಿ ಕಲಸಿ ಬಳಿಯುತ್ತಾರೆ, ಬೇಗ ಆರುತ್ತದೆ ಅಂತ. ಆಗದವರು ನಿಂಬೆ ಎಸೆನ್ಸ್ ಬಳಸಿ. ನೀರಲ್ಲಿ ಕಲಸಿದರೆ ಫಾಂಡೆಂಟ್ ಕರಗುತ್ತದೆ. ಡಬ್ಬಿಯ ಮೇಲೆ "ಎಡಿಬಲ್" ಅಂತಲೇ ಇರಬೇಕು. "ನಾನ್ ಟಾಕ್ಸಿಕ್" ಅಂತ ಮಾತ್ರ ಇದ್ದರೆ ಅದು ತಿನ್ನುವುದಕ್ಕಲ್ಲ. ಅಮೆರಿಕದಲ್ಲಿ ಇಂಥ ಪುಡಿ ಹಾಕಿದ ಕೇಕ್ ತಿಂದು ಮಕ್ಕಳು ವಾಂತಿ ಮಾಡಿಕೊಂಡ ಪ್ರಕರಣವನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ವರದಿ ಮಾಡಿತ್ತು. ಪುಡಿಯಲ್ಲಿ ಇದ್ದದ್ದು ತಾಮ್ರ.

ಒಯ್ಯುವುದು, ಕತ್ತರಿಸುವುದು

ಕೇಕಿಗಿಂತ ನಾಲ್ಕು ಇಂಚು ದೊಡ್ಡ, ದಪ್ಪ ಬೋರ್ಡ್ ತೆಗೆದುಕೊಳ್ಳಿ. ಕೇಕಿನ ಕೆಳಗೆ ಒಂದು ಚಮಚ ಗನಾಶ್ ಹಾಕಿದರೆ ಜಾರುವುದಿಲ್ಲ. ಕಾರಿನ ಸೀಟು ಓರೆ ಇರುತ್ತದೆ, ಮುಂದಿನ ಸೀಟಿನ ಕಾಲಿಡುವ ಜಾಗ ಸಮ. ಅಲ್ಲಿಡಿ, ಎಸಿ ಅಲ್ಲಿಗೇ ತಿರುಗಿಸಿ. ನಿಲ್ಲುವ ಹಿಡಿಕೆಯನ್ನು ಬೇರೆ ಡಬ್ಬದಲ್ಲಿ ಒಯ್ದು ಅಲ್ಲಿ ಹೋಗಿ ಕೂರಿಸಿ. ನಮ್ಮ ಹಂಪ್‌ಗಳನ್ನು ನಂಬಬೇಡಿ. ಸ್ಕೂಟರಿನಲ್ಲಿ ಒಯ್ಯುವುದಾದರೆ ಮಲಗಿಸಿದ ಬ್ಯಾಗೇ ಗತಿ.

ಅರ್ಧಚಂದ್ರ ಕತ್ತರಿಸುವ ಕ್ರಮ ಬೇರೆ. ಮೇಲಿನಿಂದ ಚಾಕು ಇಳಿಸಿದರೆ ನಾಲ್ಕು ಇಂಚು ದಪ್ಪದ ತುಂಡು ತಟ್ಟೆಯಲ್ಲಿ ಹಿಡಿಸುವುದಿಲ್ಲ, ಕಡ್ಡಿಯೂ ಅಡ್ಡ ಸಿಗುತ್ತದೆ. ಮೊದಲು ಹಿಡಿಕೆ ತೆಗೆಯಿರಿ. ಮುಂದಿನ ಫಾಂಡೆಂಟ್ ಹಾಳೆ ಸಡಿಲಿಸಿ ಕಡ್ಡಿ ಎಳೆಯಿರಿ. ಎರಡು ಅರ್ಧಗಳ ನಡುವಿನ ಗನಾಶಿಗೆ ಚಾಕು ಹಾಕಿ ಬೇರೆ ಮಾಡಿ, ಒಂದೊಂದನ್ನೂ ಮಲಗಿಸಿ ಮಾಮೂಲಿ ಕೇಕಿನ ಹಾಗೆ ತ್ರಿಕೋನ ಕತ್ತರಿಸಿ.

ಕಡ್ಡಿಯ ಲೆಕ್ಕ ಹೇಳುತ್ತೇನೆ ಅಂದಿದ್ದೆನಲ್ಲ. ಅತ್ತಿಗೆಯ 41ನೇ ಹುಟ್ಟುಹಬ್ಬಕ್ಕೆ ಮಾಡಿದ ಬ್ಯಾಗು ಈ ಸಲ ಬೆಂಗಳೂರಿನವರೆಗೂ ಸೆಟೆದು ನಿಂತಿತ್ತು. ಎಲ್ಲರೂ ಫೋಟೋ ತೆಗೆದರು. ನಾನು ಹಿಗ್ಗಿ ಹೀರೇಕಾಯಿಯಾಗಿ ಅಕ್ಕಪಕ್ಕದವರಿಗೆಲ್ಲ ಮಾಡಿದ ವಿಧಾನ ಹೇಳುತ್ತಾ ಕತ್ತರಿಸಿದೆ. ಚುಚ್ಚಿದ್ದು ನಾಲ್ಕು, ಎಳೆದದ್ದು ಮೂರು. ನೆನಪಾಗಿ ಓಡುವಷ್ಟರಲ್ಲಿ ಅಣ್ಣ ಬಾಯಿಂದ ನಾಲ್ಕನೆಯದನ್ನು ಎಳೆದು ಕೈಯಲ್ಲಿ ಹಿಡಿದು, "ಈ ಸಲ ಚೀಲದಲ್ಲಿ ಸೌದೆನೂ ತಂದಿದ್ದೀಯಲ್ಲೇ" ಅಂದ.